ಕಂಪ್ಯೂಟರ್ ‘ಬ್ಲಾಸ್ಟ್?’ ಎಂದು ಬರೆದರೆ ಅದು ಲುಕೇಮಿಯಾನೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ಮಗಳಿಗೆ 15 ವರ್ಷ. ಹತ್ತು ದಿನದಿಂದ ಜ್ವರ, ವಿಪರೀತ ಗಂಟಲು ನೋವು, ಕುತ್ತಿಗೆಯ ಎರಡೂ ಕಡೆ ಗಂಟು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 12.8, ಪ್ಲೇಟ್‌ಲೆಟ್ 1,72,000, ಬಿಳಿ ರಕ್ತಕಣ 14,200. ಲ್ಯಾಬಿನಲ್ಲಿ ಕಂಪ್ಯೂಟರೇ ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ವಿಂಗಡಿಸುತ್ತದಂತೆ. ಅದರ ಪ್ರಕಾರ 100 ಕಣಗಳಲ್ಲಿ ನ್ಯೂಟ್ರೋಫಿಲ್ 26, ಲಿಂಫೋಸೈಟ್ 46, ಅಟಿಪಿಕಲ್ ಲಿಂಫೋಸೈಟ್ 18, ಮಾನೋಸೈಟ್ 6, ಇಯೋಸಿನೋಫಿಲ್ 1. ಕೊನೆಯಲ್ಲಿ ‘ಬ್ಲಾಸ್ಟ್? 3’ ಎಂದಿದೆ. ನಮ್ಮ ಡಾಕ್ಟರ್ ನೋಡಿ, ವೈರಸ್ ಇರಬೇಕು, ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಅಂದರು. ಆದರೆ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ರಿಪೋರ್ಟಿನಲ್ಲಿದ್ದ ಕಣಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಒಂದು ಎಐ ಆ್ಯಪಿಗೆ ಹಾಕಿದ. ಅದು ‘ಲುಕೇಮಿಯಾ 97.4%’, ಅಂದರೆ ರಕ್ತದ ಕ್ಯಾನ್ಸರ್, ಎಂದಿತು. ಆವತ್ತಿನಿಂದ ನಾನೂ ನನ್ನ ಹೆಂಡತಿಯೂ ನಿದ್ದೆ ಮಾಡಿಲ್ಲ. ಯಾರ ಮಾತು ನಂಬಬೇಕು? ತಕ್ಷಣ ಬೋನ್ ಮ್ಯಾರೋ ಪರೀಕ್ಷೆ ಮಾಡಿಸಿಬಿಡಬೇಕಾ? ಕಂಪ್ಯೂಟರನ್ನು ನಂಬಬಾರದು ಅನ್ನುವುದಾದರೆ ಲ್ಯಾಬಿನವರು ಅದನ್ನು ಯಾಕೆ ಇಟ್ಟುಕೊಂಡಿದ್ದಾರೆ?

ಉತ್ತರ: ಮೊದಲು ನಿಮಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ನೀವು ಬರೆದಿರುವ ಅಂಕಿಗಳನ್ನೂ ಲಕ್ಷಣಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಿಮ್ಮ ಡಾಕ್ಟರ್ ಹೇಳಿದ್ದೇ ಹೆಚ್ಚು ಸಂಭವ. ಸ್ಲೈಡನ್ನು ಕಣ್ಣಾರೆ ನೋಡದೆ ನಾನು ಖಚಿತವಾಗಿ ಹೇಳಲಾರೆ. ಆದರೆ ಆ 97.4 ಅನ್ನುವ ಅಂಕಿ ನಿಮ್ಮ ನಿದ್ದೆ ಕೆಡಿಸುವಷ್ಟು ತೂಕದ್ದಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಜೊತೆಗೆ ಒಂದು ವಾರ ಸುಮ್ನೆ ಕಾಯುವುದಕ್ಕಿಂತ ಮೊದಲು ನೀವು ಮಾಡಬಹುದಾದ ಒಂದು ಸುಲಭದ ಕೆಲಸವೂ ಇದೆ. ಅದನ್ನೂ ಹೇಳುತ್ತೇನೆ.

ನಿಮ್ಮ ಮುಂದೆ ಈಗ ಎರಡು ಬೇರೆ ಬೇರೆ ಕಂಪ್ಯೂಟರ್‌ಗಳ ಮಾತಿದೆ. ಒಂದು ಲ್ಯಾಬಿನದು, ಇನ್ನೊಂದು ಆ್ಯಪಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಆ್ಯಪಿನಿಂದ ಶುರು ಮಾಡೋಣ. 97.4% ಅಂದರೆ ನಿಮ್ಮ ಮಗಳಿಗೆ ಲುಕೇಮಿಯಾ ಇರುವ ಸಾಧ್ಯತೆ 97.4% ಅಂತ ಎಲ್ಲರೂ ಓದುತ್ತಾರೆ. ಅದರ ಅರ್ಥ ಅದಲ್ಲ. ಇಂಥ ಆ್ಯಪ್‌ಗೆ ಸಾಮಾನ್ಯವಾಗಿ ಕಲಿಸಿರುವುದು ಎರಡೇ ಉತ್ತರ, ‘ಲುಕೇಮಿಯಾ’ ಮತ್ತು ‘ನಾರ್ಮಲ್’. ಯಾವ ಚಿತ್ರ ಕೊಟ್ಟರೂ ಒಟ್ಟು 100 ಅಂಕವನ್ನು ಈ ಎರಡಕ್ಕೆ ಹಂಚಲೇಬೇಕು. ‘ಇದು ಎರಡೂ ಅಲ್ಲ’, ‘ನನಗೆ ಗೊತ್ತಿಲ್ಲ’ ಅನ್ನುವ ಮೂರನೇ ಉತ್ತರವನ್ನು ಬೇರೆಯಾಗಿ ಕಲಿಸದಿದ್ದರೆ ಅದು ಹೇಳುವುದೇ ಇಲ್ಲ. ಬೇಕಿದ್ದರೆ ನಿಮ್ಮ ಅಣ್ಣನ ಮಗನಿಗೆ ಗೋಡೆಯ ಫೋಟೋ ತೆಗೆದು ಅದೇ ಆ್ಯಪಿಗೆ ಹಾಕಲು ಹೇಳಿ. ಆಗಲೂ ಅದು ಎರಡರಲ್ಲಿ ಒಂದನ್ನು, ದಶಮಾಂಶದ ಸಮೇತ, ಹೇಳುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಮಗಳ ಸ್ಲೈಡಿನಲ್ಲಿ ಇರಬಹುದಾದದ್ದು ನಾರ್ಮಲ್ ಕಣವೂ ಅಲ್ಲ, ಲುಕೇಮಿಯಾ ಕಣವೂ ಅಲ್ಲ. ಅಲ್ಲೇ ಎಡವಟ್ಟಾಗಿರುವುದು.

ಇನ್ನೊಂದು ಲೆಕ್ಕ ಇದೆ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಒಂದು ಆ್ಯಪ್ ತುಂಬಾ ಚೆನ್ನಾಗಿದೆ. ಕಾಯಿಲೆ ಇರುವ 100 ಜನರಲ್ಲಿ 99 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 100 ಜನರಲ್ಲಿ 95 ಜನರಿಗೆ ಇಲ್ಲ ಎಂದೇ ಹೇಳುತ್ತದೆ. ಜ್ವರ ಬಂದ 10,000 ಮಕ್ಕಳಲ್ಲಿ 10 ಮಕ್ಕಳಿಗೆ ನಿಜವಾಗಿ ಲುಕೇಮಿಯಾ ಇದೆ ಅನ್ನೋಣ. ಆ ಹತ್ತೂ ಮಕ್ಕಳನ್ನು ಆ್ಯಪ್ ಹಿಡಿಯಿತು. ಉಳಿದ 9,990 ಮಕ್ಕಳಲ್ಲಿ ನೂರಕ್ಕೆ ಐದರಂತೆ ಸುಮಾರು 500 ಮಕ್ಕಳಿಗೂ ‘ಲುಕೇಮಿಯಾ’ ಎಂದಿತು. ಅಂದರೆ ಅದು ಕೆಂಪು ದೀಪ ಹಚ್ಚಿದ 510 ಮಕ್ಕಳಲ್ಲಿ ನಿಜವಾಗಿ ಕಾಯಿಲೆ ಇರುವುದು 10 ಮಕ್ಕಳಿಗೆ. ನೂರಕ್ಕೆ ಎರಡು. ಇದು ಆ್ಯಪ್ ಚೆನ್ನಾಗಿದ್ದರೆ ಮಾತ್ರ! ಅಪರೂಪದ ಕಾಯಿಲೆಯನ್ನು ಹುಡುಕುವ ಯಾವ ಪರೀಕ್ಷೆಗೂ ಈ ಲೆಕ್ಕ ತಪ್ಪಿದ್ದಲ್ಲ.

ಇನ್ನು ಮೊಬೈಲ್ ಫೋಟೋ. ಬಿಳಿ ಕಣವೊಂದು ಸುಮಾರು 10ರಿಂದ 20 ಮೈಕ್ರಾನ್ ಅಗಲ. ಅದರ ನ್ಯೂಕ್ಲಿಯಸ್ (ಕಣದ ಕೇಂದ್ರ) ಒಳಗಿನ ಕ್ರೊಮಾಟಿನ್, ಅಂದರೆ ಡಿಎನ್ಎ ಇರುವ ವಸ್ತು, ಹೇಗಿದೆ, ಗಂಟುಗಂಟಾಗಿದೆಯಾ ಅಥವಾ ಪುಡಿ ಉದುರಿಸಿದಂತೆ ನುಣ್ಣಗಿದೆಯಾ ಅನ್ನುವುದರ ಮೇಲೆ ನಮ್ಮ ಅರ್ಧ ತೀರ್ಮಾನ ನಿಂತಿರುತ್ತದೆ. ಎಣ್ಣೆ ಹಾಕಿ ನೋಡುವ 100 ಪಟ್ಟಿನ ಲೆನ್ಸಿಗೆ ಕಾಣುವ ಅತಿ ಸಣ್ಣ ಅಂತರ ಮೈಕ್ರಾನಿನ ಕಾಲು ಭಾಗದಷ್ಟು. ಕ್ರೊಮಾಟಿನ್‌ನ ನುಣುಪು ಇರುವುದು ಆ ಅಂಚಿನಲ್ಲೇ. ರಿಪೋರ್ಟಿನಲ್ಲಿ ಚಿಕ್ಕದಾಗಿ ಅಚ್ಚಾದ ಚಿತ್ರವನ್ನು ಮತ್ತೆ ಮೊಬೈಲಿನಲ್ಲಿ ತೆಗೆದಾಗ ಮೊದಲು ಅಳಿಸಿಹೋಗುವುದೂ ಅದೇ. ಉಳಿಯುವುದು ಒಂದು ದೊಡ್ಡ ನೇರಳೆ ಉಂಡೆ. ದೊಡ್ಡ ನೇರಳೆ ಉಂಡೆ ಅಂದರೆ ಆ್ಯಪಿಗೆ ಬ್ಲಾಸ್ಟ್, ಅಂದರೆ ಲುಕೇಮಿಯಾದಲ್ಲಿ ರಕ್ತದಲ್ಲಿ ಕಾಣುವ ಎಳೆಯ ಕಣ. ಆದ್ದರಿಂದ 97.4 ಅನ್ನು ಪಕ್ಕಕ್ಕಿಡಿ.

ಲ್ಯಾಬಿನ ಯಂತ್ರದ ಮಾತು ಬೇರೆ. ಅದು ಗಂಭೀರವಾದ ಸಾಧನ. ಅದರ ‘ಬ್ಲಾಸ್ಟ್? 3’ ಅನ್ನು ಪಕ್ಕಕ್ಕಿಡಬಾರದು, ಸರಿಯಾಗಿ ಓದಬೇಕು. ಅದಕ್ಕೆ ಅದು ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು.

ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವನ್ನು ತೆಳ್ಳಗೆ ಎಳೆಯುತ್ತಾರೆ. ಒಣಗಿದ ಮೇಲೆ ಬಣ್ಣ ಹಾಕುತ್ತಾರೆ. ಇಯೋಸಿನ್ ಅನ್ನುವ ಗುಲಾಬಿ ಬಣ್ಣ, ಮೆಥಿಲೀನ್ ಬ್ಲೂ ಜಾತಿಯ ನೀಲಿ ಬಣ್ಣ, ಎರಡೂ ಸೇರಿ ನ್ಯೂಕ್ಲಿಯಸ್ ನೇರಳೆಯಾಗುತ್ತದೆ, ಕೆಂಪು ಕಣ ಗುಲಾಬಿಯಾಗುತ್ತದೆ. 1891ರಲ್ಲಿ ರೊಮಾನೋವ್‌ಸ್ಕಿ ತೋರಿಸಿದ ಈ ದಾರಿಯನ್ನೇ ಜಗತ್ತಿನ ಲ್ಯಾಬುಗಳು ಇವತ್ತೂ ಹಿಡಿದಿವೆ. ಯಂತ್ರ ಮೊದಲು ಕಡಿಮೆ ಪಟ್ಟಿನಲ್ಲಿ ಓಡಾಡಿ, ಕಣಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಹರಡಿರುವ ಜಾಗ ಹುಡುಕುತ್ತದೆ. ಅಲ್ಲಿರುವ ಬಿಳಿ ಕಣಗಳ ಜಾಗ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ 100 ಪಟ್ಟಿನ ಲೆನ್ಸಿನಲ್ಲಿ ಒಂದೊಂದೇ ಕಣದ ಹತ್ತಿರ ಹೋಗಿ ಫೋಕಸ್ ಮಾಡಿ ಚಿತ್ರ ತೆಗೆಯುತ್ತದೆ.

ಚಿತ್ರ ಬಂದ ಮೇಲೆ ನ್ಯೂಕ್ಲಿಯಸ್ಸನ್ನು ಬೇರೆ ಮಾಡಬೇಕು. ಅದು ಕಷ್ಟವಲ್ಲ, ಗಾಢ ನೇರಳೆ ಎದ್ದು ಕಾಣುತ್ತದೆ. ಇಷ್ಟಕ್ಕಿಂತ ಕಪ್ಪಾದದ್ದು ನ್ಯೂಕ್ಲಿಯಸ್ ಅಂತ ಗೆರೆ ಎಳೆಯಲು 1979ರಲ್ಲಿ ಜಪಾನಿನ ಓಟ್ಸು ಕೊಟ್ಟ ಸರಳ ವಿಧಾನವನ್ನು ಈಗಲೂ ಬಳಸುತ್ತಾರೆ. ಕಷ್ಟ ಇರುವುದು ನ್ಯೂಕ್ಲಿಯಸ್ ಸುತ್ತ ಇರುವ ಸೈಟೋಪ್ಲಾಸಂನ ಅಂಚು ಹಿಡಿಯುವುದರಲ್ಲಿ. ಅದು ತೆಳು ನೀಲಿ, ಪಕ್ಕದಲ್ಲೇ ಕೆಂಪು ಕಣ ಒತ್ತಿಕೊಂಡಿರುತ್ತದೆ. ಹಿಂದೆಲ್ಲ ನ್ಯೂಕ್ಲಿಯಸ್ ಎಷ್ಟು ದೊಡ್ಡದು, ಎಷ್ಟು ಹಾಲೆಗಳಿವೆ, ಸೈಟೋಪ್ಲಾಸಂ ಎಷ್ಟು ಪಾಲು, ಕಾಳುಕಾಳಾಗಿದೆಯಾ ಎಂದು ಮನುಷ್ಯರೇ ಪಟ್ಟಿ ಮಾಡಿ ಕಂಪ್ಯೂಟರಿಗೆ ಅಳೆಯಲು ಹೇಳುತ್ತಿದ್ದರು. ಈಗ ನ್ಯೂರಲ್ ನೆಟ್‌ವರ್ಕ್‌ಗೆ ಸಾವಿರಾರು ಚಿತ್ರ, ಅವುಗಳ ಹೆಸರು ಕೊಟ್ಟು ನೀನೇ ಕಲಿ ಅನ್ನುತ್ತಾರೆ. ಅದು ಚೆನ್ನಾಗಿಯೇ ಕಲಿಯುತ್ತದೆ. ಮಾಮೂಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್ ಗುರುತಿಸುವುದರಲ್ಲಿ ಒಳ್ಳೆಯ ಯಂತ್ರಕ್ಕೂ ಅನುಭವಿ ಟೆಕ್ನಿಷಿಯನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಆದರೆ ಗಮನಿಸಿದಿರಾ? ಈ ಇಡೀ ಕೆಲಸದಲ್ಲಿ ಯಂತ್ರ ಪ್ರತಿ ಕಣವನ್ನೂ ಒಂಟಿಯಾಗಿ ಕತ್ತರಿಸಿ ತೆಗೆದುಕೊಂಡಿತು. ಒಂದು ಚೌಕ, ಒಂದು ಕಣ, ಒಂದು ಹೆಸರು. ಅಕ್ಕಪಕ್ಕದ ಕಣಗಳು ಹೇಗಿವೆ ಅನ್ನುವುದು ಆ ಚೌಕದ ಒಳಗೆ ಬರುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಉತ್ತರ ಇರುವುದೇ ಅಕ್ಕಪಕ್ಕದಲ್ಲಿ.

15 ವರ್ಷದ ಹುಡುಗಿ, ಗಂಟಲು ನೋವು, ಕುತ್ತಿಗೆಯ ಎರಡೂ ಕಡೆ ಗಂಟು, ಲಿಂಫೋಸೈಟ್ ಜಾಸ್ತಿ, ಅದರಲ್ಲೂ ಅಟಿಪಿಕಲ್ 18. ಇದನ್ನು ಓದಿದ ಕೂಡಲೇ ರಕ್ತದ ಡಾಕ್ಟರಿಗೆ ನೆನಪಾಗುವುದು ಎಪ್‌ಸ್ಟೀನ್-ಬಾರ್ ವೈರಸ್. ಅದರಿಂದ ಬರುವ ಕಾಯಿಲೆಗೆ ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಎನ್ನುತ್ತಾರೆ. ಹದಿಹರೆಯದಲ್ಲೇ ಇದು ಜಾಸ್ತಿ ಕಾಣಿಸಿಕೊಳ್ಳುತ್ತದೆ. ವೈರಸ್ ಹೊಕ್ಕುವುದು ಬಿ ಲಿಂಫೋಸೈಟ್‌ಗಳಿಗೆ. ಅವನ್ನು ಹೊಡೆಯಲು ಟಿ ಲಿಂಫೋಸೈಟ್‌ಗಳು ದಂಡುಕಟ್ಟಿ ಏಳುತ್ತವೆ. ಸ್ಲೈಡಿನಲ್ಲಿ ದೊಡ್ಡದಾಗಿ, ವಿಚಿತ್ರವಾಗಿ ಕಾಣುವುದು ಹೆಚ್ಚಾಗಿ ಈ ಟಿ ಕಣಗಳೇ. ಅಂದರೆ ಅವು ಕೆಟ್ಟ ಕಣಗಳಲ್ಲ, ಕೆಲಸಕ್ಕಿಳಿದ ಕಣಗಳು. ಇವನ್ನು ರಿಯಾಕ್ಟಿವ್ ಲಿಂಫೋಸೈಟ್ ಎನ್ನುತ್ತೇವೆ. ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ‘ಅಟಿಪಿಕಲ್’ ಎಂದು ಬರೆಯುವುದು ಇವನ್ನೇ. ಬೇರೆ ಕೆಲವು ವೈರಸ್ ಜ್ವರಗಳಲ್ಲೂ, ಡೆಂಗಿಯಲ್ಲೂ ಇಂಥವೇ ಕಾಣುತ್ತವೆ.

ಕೆಲಸಕ್ಕಿಳಿದ ಲಿಂಫೋಸೈಟ್ ಹಿಗ್ಗುತ್ತದೆ. ನ್ಯೂಕ್ಲಿಯಸ್ ದೊಡ್ಡದಾಗುತ್ತದೆ, ಕ್ರೊಮಾಟಿನ್ ಸ್ವಲ್ಪ ಸಡಿಲವಾಗುತ್ತದೆ, ಕೆಲವೊಮ್ಮೆ ಒಳಗೆ ನ್ಯೂಕ್ಲಿಯೋಲಸ್ ಅನ್ನುವ ಸಣ್ಣ ದುಂಡು ಚುಕ್ಕೆ ಕೂಡ ಕಾಣುತ್ತದೆ. ಬ್ಲಾಸ್ಟ್ ಅನ್ನುವುದು ಮೂಳೆಮಜ್ಜೆಯಲ್ಲಿ ಇರಬೇಕಾದ ಎಳೆಯ ಕಣ. ಅದರಲ್ಲೂ ನ್ಯೂಕ್ಲಿಯಸ್ ದೊಡ್ಡದು, ಕ್ರೊಮಾಟಿನ್ ನುಣ್ಣಗೆ, ನ್ಯೂಕ್ಲಿಯೋಲಸ್ ಇರುತ್ತದೆ. ಒಂದೇ ಒಂದು ಕಣವನ್ನು ಕತ್ತರಿಸಿ ಕೈಗೆ ಕೊಟ್ಟರೆ ನನ್ನಂಥವರೂ ತಡವರಿಸುವುದುಂಟು. ಒಂದೇ ಕಣದ ಚಿತ್ರಕ್ಕೆ ಇಬ್ಬರು ಅನುಭವಿಗಳು ಎರಡು ಹೆಸರು ಕೊಡುವುದು ನಮ್ಮಲ್ಲಿ ಮಾಮೂಲು.

ಹಾಗಾಗಿ ನಾವು ಒಂದು ಕಣಕ್ಕೆ ಅಂಟಿಕೊಳ್ಳುವುದಿಲ್ಲ. ಯಂತ್ರ ‘ಬ್ಲಾಸ್ಟ್?’ ಎಂದು ಕೂಗಿದ ಸ್ಲೈಡ್ ನನ್ನ ಮೇಜಿಗೆ ಬಂದರೆ ಮೊದಲು ಕಡಿಮೆ ಪಟ್ಟಿನಲ್ಲಿ ಇಡೀ ಸ್ಲೈಡ್ ಓಡಿಸುತ್ತೇನೆ. ತುದಿಯಲ್ಲಿ, ಬದಿಗಳಲ್ಲಿ ನೋಡುತ್ತೇನೆ, ಯಾಕೆಂದರೆ ರಕ್ತ ಎಳೆಯುವಾಗ ದೊಡ್ಡ ಕಣಗಳು ಅಲ್ಲಿಗೇ ಹೋಗಿ ಸೇರುತ್ತವೆ. ಆಮೇಲೆ ಎಣ್ಣೆ ಹಾಕಿ ಹತ್ತಿರದಿಂದ. ವೈರಸ್ ಜ್ವರದ ಸ್ಲೈಡಾದರೆ ಅಲ್ಲಿ ಒಂದು ಕಣ ಇದ್ದಂತೆ ಇನ್ನೊಂದಿಲ್ಲ. ಒಂದು ಚಿಕ್ಕದು, ಮಾಮೂಲಿ ಲಿಂಫೋಸೈಟ್. ಪಕ್ಕದ್ದು ಸ್ವಲ್ಪ ಊದಿದೆ. ಅದರಾಚೆಯದಕ್ಕೆ ಬೇಕಾದಷ್ಟು ತಿಳಿನೀಲಿ ಸೈಟೋಪ್ಲಾಸಂ, ಅದು ಪಕ್ಕದ ಕೆಂಪು ಕಣಗಳ ಸುತ್ತ ತಬ್ಬಿಕೊಂಡಂತೆ ಹರಡಿದೆ, ಕೆಂಪು ಕಣಕ್ಕೆ ತಾಗಿದ ಅಂಚಿನಲ್ಲಿ ನೀಲಿ ಗಾಢವಾಗಿದೆ. ಇನ್ನೊಂದರ ನ್ಯೂಕ್ಲಿಯಸ್ ಮೂತ್ರಪಿಂಡದ ಆಕಾರ. ನಡುವೆ ಎಲ್ಲೋ ಎರಡು ಮೂರು ಬ್ಲಾಸ್ಟಿನಂತೆಯೇ ಕಾಣುತ್ತವೆ. ಆದರೆ ಚಿಕ್ಕದರಿಂದ ಆ ದೊಡ್ಡದರವರೆಗೆ ಮಧ್ಯದ ಎಲ್ಲ ಹಂತಗಳೂ ಅದೇ ಸ್ಲೈಡಿನಲ್ಲಿ ಸಿಗುತ್ತವೆ. ಲುಕೇಮಿಯಾದ ಸ್ಲೈಡ್ ಹೀಗಿರುವುದಿಲ್ಲ. ಅಲ್ಲಿ ಬ್ಲಾಸ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತವೆ. ಮಧ್ಯದ ಹಂತಗಳು ಕಾಣುವುದಿಲ್ಲ. ಜೊತೆಗೆ ಪ್ಲೇಟ್‌ಲೆಟ್ ವಿರಳವಾಗಿರುತ್ತದೆ, ನ್ಯೂಟ್ರೋಫಿಲ್ ಕಡಿಮೆಯಾಗಿರುತ್ತದೆ. ಬಹಳ ಸಲ ಈ ತೀರ್ಮಾನಕ್ಕೆ ಬರಲು ಎರಡು ನಿಮಿಷ ಸಾಕು. ಒಂಟಿ ಕಣದ ಚಿತ್ರ ಇಟ್ಟುಕೊಂಡು ಎರಡು ಗಂಟೆ ಕೂತರೂ ಅದು ಬಗೆಹರಿಯದೇ ಇರಬಹುದು.

ಯಂತ್ರಗಳಿಗೆ ಇದನ್ನು ಕಲಿಸಲಾಗದು ಅಂತಲ್ಲ. ಕಲಿಸುವ ಚಿತ್ರಗಳಲ್ಲೇ ಕೊರತೆಯಿದೆ. ಇದು ನಿಮ್ಮ ಅಣ್ಣನ ಮಗ ಓದಬೇಕಾದ ಭಾಗ. ಸಂಶೋಧಕರು, ವಿದ್ಯಾರ್ಥಿಗಳು ಉಚಿತವಾಗಿ ಬಳಸಬಹುದಾದ ಚಿತ್ರಸಂಗ್ರಹಗಳಲ್ಲಿ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನದು ಹೆಸರುವಾಸಿ. 2020ರಲ್ಲಿ ಪ್ರಕಟವಾಯಿತು, 17,092 ಚಿತ್ರಗಳಿವೆ, ಗುಣಮಟ್ಟ ಬಹಳ ಚೆನ್ನಾಗಿದೆ. ಆದರೆ ಅವೆಲ್ಲ ಸೋಂಕಿಲ್ಲದ, ರಕ್ತದ ಕಾಯಿಲೆಯಿಲ್ಲದ ಜನರ ಕಣಗಳು. ಅದರ ಮೇಲಷ್ಟೇ ಕಲಿತ ಪ್ರೋಗ್ರಾಂ ತನ್ನ ಜನ್ಮದಲ್ಲಿ ಒಂದು ರಿಯಾಕ್ಟಿವ್ ಲಿಂಫೋಸೈಟ್ ನೋಡಿರುವುದಿಲ್ಲ. ಮ್ಯೂನಿಕ್‌ನಿಂದ 2019ರಲ್ಲಿ ಬಂದ ಇನ್ನೊಂದು ದೊಡ್ಡ ಸಂಗ್ರಹದಲ್ಲಿ 18,365 ಚಿತ್ರಗಳಿವೆ. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಇದ್ದ 100 ರೋಗಿಗಳು, ಇಲ್ಲದ 100 ಜನ. ಅದರಲ್ಲಿ ಮೈಲೋಬ್ಲಾಸ್ಟ್, ಅಂದರೆ ಆ ಲುಕೇಮಿಯಾದಲ್ಲಿ ಕಾಣುವ ಬ್ಲಾಸ್ಟ್, ಚಿತ್ರಗಳು 3,268. ಅಟಿಪಿಕಲ್ ಲಿಂಫೋಸೈಟ್ ಎಷ್ಟು ಗೊತ್ತಾ? 11. ಬರೀ ಹನ್ನೊಂದು. ಸಂಗ್ರಹ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ, ಅವರ ಗುರಿ ಬೇರೆಯಿತ್ತು. ಆದರೆ ಇಂಥದ್ದನ್ನು ತೆಗೆದುಕೊಂಡು ಜ್ವರದ ಮಗುವಿನ ರಕ್ತ ನೋಡುವ ಆ್ಯಪ್ ಮಾಡಿದರೆ, ಅದು ದೊಡ್ಡ ಲಿಂಫೋಸೈಟ್ ಕಂಡಾಗಲೆಲ್ಲ ತನಗೆ ಚೆನ್ನಾಗಿ ಗೊತ್ತಿರುವ ಹೆಸರನ್ನೇ ಹೇಳುತ್ತದೆ. ಆ ಹೆಸರು ಬ್ಲಾಸ್ಟ್.

‘ನಮ್ಮ ಪ್ರಾಜೆಕ್ಟ್ 99% ಸರಿ’ ಎಂದು ಬರುವ ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಒಂದೆರಡು ಪ್ರಶ್ನೆ ಕೇಳುತ್ತೇನೆ. ಕಲಿಸಿದ ಚಿತ್ರ, ಪರೀಕ್ಷಿಸಿದ ಚಿತ್ರ ಎರಡರಲ್ಲೂ ಒಬ್ಬನೇ ರೋಗಿಯ ಕಣಗಳು ಸೇರಿವೆಯಾ? ಸೇರಿದ್ದರೆ ಅದು ಪರೀಕ್ಷೆಯೇ ಅಲ್ಲ. ಒಬ್ಬ ರೋಗಿಯ ಸ್ಲೈಡಿಗೆ ಅದರದೇ ಬಣ್ಣ, ಬೆಳಕು ಇರುತ್ತದೆ. ಕಂಪ್ಯೂಟರ್ ಕಣ ಬಿಟ್ಟು ಆ ಬಣ್ಣವನ್ನೇ ನೆನಪಿಟ್ಟುಕೊಂಡಿರಬಹುದು. ತುಂಬಾ ಜನ ಬಳಸುವ ಎಎಲ್ಎಲ್-ಐಡಿಬಿ ಅನ್ನುವ ಲುಕೇಮಿಯಾ ಸಂಗ್ರಹದ ಮೊದಲ ಭಾಗದಲ್ಲಿ ಇರುವುದೇ 108 ಚಿತ್ರ. ಅಷ್ಟನ್ನೇ ತಿರುಗಿಸಿ, ಮಗುಚಿ, ಸಾವಿರಾರು ಮಾಡಿ, ಅದರಲ್ಲೇ ಒಂದು ಪಾಲನ್ನು ಪರೀಕ್ಷೆಗೆ ತೆಗೆದಿಟ್ಟರೆ 99 ಬಾರದೆ ಇನ್ನೇನು ಬಂದೀತು? ಎರಡನೆಯದು, ಬೇರೆ ಲ್ಯಾಬಿನ, ಬೇರೆ ಮೈಕ್ರೋಸ್ಕೋಪಿನ ಸ್ಲೈಡ್ ಕೊಟ್ಟು ನೋಡಿದ್ದೀರಾ? ಬಣ್ಣ ಹಾಕುವಾಗ ಬಳಸುವ ಬಫರ್ ನೀರಿನ ಪಿಎಚ್ ಸಾಮಾನ್ಯವಾಗಿ 6.8ರ ಆಸುಪಾಸು ಇರಬೇಕು. ಸ್ವಲ್ಪ ಏರಿದರೆ ಎಲ್ಲವೂ ನೀಲಿ, ಇಳಿದರೆ ಎಲ್ಲವೂ ಗುಲಾಬಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗಂಟೆಗಟ್ಟಲೆ ಕೂತರೂ ಸಾಕು, ಕಣಗಳು ಊದಿಕೊಂಡು ಒಳಗೆ ಗುಳ್ಳೆ ಏಳುತ್ತವೆ. ಇದನ್ನೆಲ್ಲ ಮನುಷ್ಯನ ಕಣ್ಣು ಸರಿದೂಗಿಸಿಕೊಳ್ಳುತ್ತದೆ. ಕಲಿಸದ ಯಂತ್ರಕ್ಕೆ ಅದು ಆಗುವುದಿಲ್ಲ.

ಹಾಗಾದರೆ ಲ್ಯಾಬಿನವರು ಯಾಕೆ ಇಟ್ಟುಕೊಂಡಿದ್ದಾರೆ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಮನುಷ್ಯನ ಕಣ್ಣಿಗೂ ಮಿತಿಯಿದೆ, ಅದಕ್ಕೆ. 1966ರಲ್ಲೇ ಜುಡಿತ್ ಪ್ರೆವಿಟ್ ಮತ್ತು ಮಾರ್ಟಿಮರ್ ಮೆಂಡೆಲ್ಸನ್ ಬಿಳಿ ಕಣಗಳ ಚಿತ್ರವನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿನಿಂದ ಬೇರ್ಪಡಿಸಲು ಹೊರಟಿದ್ದರು. ಆ ಕನಸಿಗೆ ಕಾರಣ ಸುಸ್ತು. ಇಡೀ ದಿನ ಲೆನ್ಸಿಗೆ ಕಣ್ಣಿಟ್ಟು ನೂರು ನೂರು ಕಣ ಎಣಿಸುವುದು ಕಷ್ಟದ ಕೆಲಸ. ರಾತ್ರಿ ಪಾಳಿಯ ಕೊನೆಗೆ ಕಣ್ಣು ಮಂಜಾಗುತ್ತದೆ. ಯಂತ್ರಕ್ಕೆ ಸುಸ್ತಿಲ್ಲ. ಅದು ಎಲ್ಲ ಮಾನೋಸೈಟ್‌ಗಳನ್ನು ಒಂದು ಕಡೆ, ಎಲ್ಲ ಲಿಂಫೋಸೈಟ್‌ಗಳನ್ನು ಒಂದು ಕಡೆ ಪರದೆಯ ಮೇಲೆ ಸಾಲಾಗಿ ಜೋಡಿಸುತ್ತದೆ. ಹಾಗೆ ಜೋಡಿಸಿದಾಗ ಸಾಲಿಗೆ ಸೇರದ ಕಣ ನಮಗೆ ತಟ್ಟನೆ ಕಾಣುತ್ತದೆ. ದೂರದ ಲ್ಯಾಬಿನ ಸ್ಲೈಡನ್ನು ನಾನು ಕೂತಲ್ಲೇ ನೋಡಬಹುದು. ಈ ಯಂತ್ರ ಬೇಡ ಅಂತ ನಾನು ಯಾವತ್ತೂ ಹೇಳಲಾರೆ.

ಆದರೆ ಅದರ ಕೆಲಸ ಮೊದಲ ಸುತ್ತಿನ ವಿಂಗಡಣೆ. ಪರದೆಯ ಮೇಲಿನ ಹೆಸರುಗಳನ್ನು ಅನುಭವಿ ಟೆಕ್ನಿಷಿಯನ್ ಅಥವಾ ಪ್ಯಾಥಾಲಜಿಸ್ಟ್ ಒಂದೊಂದಾಗಿ ನೋಡಿ, ತಪ್ಪಿದ್ದನ್ನು ಸರಿಯಾದ ಗುಂಪಿಗೆ ಎಳೆದು ಹಾಕಿ, ಆಮೇಲೆ ಸಹಿ ಮಾಡಬೇಕು ಅನ್ನುವುದೇ ಇಂಥ ಯಂತ್ರಗಳ ಬಳಕೆಯ ಕ್ರಮ. ನಿಮ್ಮ ರಿಪೋರ್ಟಿನ ‘ಬ್ಲಾಸ್ಟ್?’ ಮುಂದೆ ಇರುವ ಪ್ರಶ್ನಾರ್ಥಕ ಚಿಹ್ನೆ ನೋಡಿದರೆ ಆ ಎರಡನೇ ಸುತ್ತು ನಡೆದಿಲ್ಲವೇನೋ ಅನ್ನಿಸುತ್ತದೆ. ಯಾರೂ ನೋಡದ ಪಟ್ಟಿ ಹಾಗೇ ಅಚ್ಚಾಗಿ ಮನೆಯವರ ಕೈಗೆ ಹೋಗಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮತ್ತೆ ಆ ‘3’. ನೂರರಲ್ಲಿ ಮೂರು ಅಂದರೆ ನಿಜವಾದ ಪ್ರಮಾಣ ನೂರಕ್ಕೆ ಮೂರೇ ಅಂತಲ್ಲ. ನೂರೇ ಕಣ ಎಣಿಸಿದಾಗ ಆಕಸ್ಮಿಕದ ಏರುಪೇರು ತುಂಬಾ. ಮೂರು ಕಂಡರೆ ನಿಜವಾದದ್ದು ಅರ್ಧದಿಂದ ಎಂಟೂವರೆಯವರೆಗೆ ಎಲ್ಲಿ ಬೇಕಾದರೂ ಇರಬಹುದು. ಸೊನ್ನೆ ಕಂಡಾಗಲೂ ಮೂರರವರೆಗೆ ಇರುವ ಸಾಧ್ಯತೆ ಉಳಿಯುತ್ತದೆ. ಅದಕ್ಕೇ ಅನುಮಾನ ಬಂದ ಸ್ಲೈಡಿನಲ್ಲಿ 200, 400 ಕಣ ಎಣಿಸುತ್ತೇವೆ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನ ವಾರದ ರಿಪೋರ್ಟಿನಲ್ಲಿ 3 ಹೋಗಿ 4 ಆದರೆ ಗಾಬರಿಯಾಗಬೇಡಿ, 1 ಆದರೆ ಅದೊಂದನ್ನೇ ನಂಬಿ ಕೂರಲೂ ಬೇಡಿ.

ಈಗ ಏನು ಮಾಡಬೇಕು? ನಾನಾಗಿದ್ದರೆ ಇವತ್ತೇ ಲ್ಯಾಬಿಗೆ ಫೋನ್ ಮಾಡಿ, ಅದೇ ಸ್ಲೈಡನ್ನು ಪ್ಯಾಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದುಕೊಡಲಿ ಎಂದು ಕೇಳುತ್ತಿದ್ದೆ. ಇದೇ ನಾನು ಮೊದಲು ಹೇಳಿದ ಸುಲಭದ ಕೆಲಸ. ಮಗಳಿಗೆ ಇನ್ನೊಂದು ಸೂಜಿ ಬೇಡ. ಸ್ಲೈಡನ್ನು ಲ್ಯಾಬುಗಳು ಸ್ವಲ್ಪ ದಿನ ಇಟ್ಟಿರುತ್ತವೆ. ಕೇಳುವಾಗ ಜ್ವರ, ಗಂಟಲು ನೋವು, ಗಂಟು, ಎಷ್ಟು ದಿನದಿಂದ, ಯಾವ ಔಷಧಿ ಕೊಟ್ಟಿದ್ದೀರಿ ಎಲ್ಲವನ್ನೂ ತಿಳಿಸಿ. ಈ ವಿವರವಿಲ್ಲದೆ ಸ್ಲೈಡ್ ನೋಡುವುದು ನಮಗೂ ಕಷ್ಟ. ಇದರಲ್ಲಿ ಇರುವ ತೊಂದರೆ ಒಂದೇ, ಸ್ಲೈಡ್ ಸರಿಯಾಗಿ ಬಂದಿಲ್ಲದಿದ್ದರೆ ಹೊಸದಾಗಿ ರಕ್ತ ಕೊಡಬೇಕಾಗಬಹುದು.

ವೈರಸ್ಸಿನ ಪರೀಕ್ಷೆ ಜೊತೆಗೇ ಮಾಡಿಸಬಹುದು. ಮಾನೋಸ್ಪಾಟ್ ಅನ್ನುವ ಬೇಗ ಆಗುವ ಪರೀಕ್ಷೆಯಿದೆ. ಕಾಯಿಲೆಯ ಮೊದಲ ವಾರದಲ್ಲಿ ಅದು ತಪ್ಪಾಗಿ ನೆಗೆಟಿವ್ ಬರುವುದುಂಟು, ಹಾಗಾಗಿ ನೆಗೆಟಿವ್ ಬಂದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಎಪ್‌ಸ್ಟೀನ್-ಬಾರ್ ವೈರಸ್ಸಿನ ವಿರುದ್ಧ ದೇಹ ಮಾಡಿದ ಆ್ಯಂಟಿಬಾಡಿ ಹುಡುಕುವ ವಿಸಿಎ ಐಜಿಎಂ ಪರೀಕ್ಷೆ ಅದಕ್ಕಿಂತ ನಂಬಿಕೆಯದು.

ಪ್ಯಾಥಾಲಜಿಸ್ಟ್ ನೋಡಿದ ಮೇಲೂ ಅನುಮಾನ ಉಳಿದರೆ ಬೋನ್ ಮ್ಯಾರೋಗಿಂತ ಮೊದಲು ಫ್ಲೋ ಸೈಟೋಮೆಟ್ರಿ ಇದೆ. ತೋಳಿನ ರಕ್ತವೇ ಸಾಕು. ಕಣಗಳ ಮೈಮೇಲಿನ ಗುರುತುಗಳನ್ನು ಆ್ಯಂಟಿಬಾಡಿಗಳಿಂದ ಪತ್ತೆ ಮಾಡುತ್ತದೆ. ಎಳೆಯ ಕಣಗಳಲ್ಲಿ ಸಿಡಿ34ನಂಥ ಗುರುತು ಸಿಗಬಹುದು, ವೈರಸ್ಸಿಗೆ ಎದ್ದ ಟಿ ಕಣಗಳಲ್ಲಿ ಅದು ಇರುವುದಿಲ್ಲ. ಆಕಾರ ನೋಡಿ ಊಹಿಸುವ ಗೊಂದಲ ಇಲ್ಲಿ ಬಹುಪಾಲು ತಪ್ಪುತ್ತದೆ. ಆದರೆ ಎಲ್ಲ ಕಡೆ ಸಿಗುವುದಿಲ್ಲ, ಖರ್ಚಿನದು, ಓದುವವರಿಗೆ ಅನುಭವ ಬೇಕು. ಕೆರಳಿದ ಟಿ ಕಣಗಳ ಚಿತ್ರ ಕೂಡ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ.

ತಕ್ಷಣ ಬೋನ್ ಮ್ಯಾರೋ? ಈಗಿರುವ ಅಂಕಿಗಳ ಮೇಲೆ ನಾನು ಹೇಳುವುದಿಲ್ಲ. ಹಿಮೋಗ್ಲೋಬಿನ್ ಚೆನ್ನಾಗಿದೆ. ಪ್ಲೇಟ್‌ಲೆಟ್ ಮಾಮೂಲಿ ಮಿತಿಯ ಒಳಗೇ ಇದೆ. 14,200ರಲ್ಲಿ 26% ಅಂದರೆ ನ್ಯೂಟ್ರೋಫಿಲ್ ಸುಮಾರು 3,700, ಅದೂ ಸರಿಯಾಗಿದೆ. ಮೂಳೆಮಜ್ಜೆಯನ್ನು ಲುಕೇಮಿಯಾ ತುಂಬಿಕೊಂಡಾಗ ಈ ಮೂರರಲ್ಲಿ ಒಂದಾದರೂ ಬೀಳುವುದು ಸಾಮಾನ್ಯ. ಸೊಂಟದ ಮೂಳೆಗೆ ಸೂಜಿ ಹಾಕುವ ಆ ಪರೀಕ್ಷೆಯಿಂದ ದೊಡ್ಡ ಅಪಾಯ ಅಪರೂಪ. ಆದರೆ ನೋವಿದೆ, ಮಗುವಿಗೆ ಭಯವಿದೆ. ಸ್ಲೈಡ್ ಅಥವಾ ಫ್ಲೋ ಕಾರಣ ಕೊಟ್ಟರೆ ಆಗ ತಡ ಮಾಡಬಾರದು, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಗಂಟಲು ಊತ ಇಳಿಯಲಿ ಅಂತ ಯಾರಾದರೂ ಸ್ಟೀರಾಯ್ಡ್ ಮಾತ್ರೆ ಬರೆದರೆ, ಸ್ಲೈಡ್ ನೋಡಿ ಮುಗಿಯುವವರೆಗೆ ಬೇಡ ಎಂದು ಹೇಳಿ, ಈ ರಿಪೋರ್ಟ್ ತೋರಿಸಿ. ಉಸಿರಾಟಕ್ಕೆ ಅಡ್ಡಿಯಾಗುವಷ್ಟು ಊತವಿದ್ದರೆ ಮಾತು ಬೇರೆ, ಅದನ್ನು ಆಸ್ಪತ್ರೆಯವರು ನಿರ್ಧರಿಸುತ್ತಾರೆ. ಲಿಂಫೋಬ್ಲಾಸ್ಟಿಕ್ ಅನ್ನುವ ಬಗೆಯ ಲುಕೇಮಿಯಾ ಸ್ಟೀರಾಯ್ಡಿಗೆ ಸ್ವಲ್ಪ ದಿನ ಕರಗಿಹೋಗುತ್ತದೆ. ಆಗ ಸ್ಲೈಡ್ ಚೊಕ್ಕವಾಗಿ ಕಾಣುತ್ತದೆ, ಕಾಯಿಲೆ ಒಳಗೇ ಇರುತ್ತದೆ, ಗುರುತು ಸಿಗುವುದು ತಡವಾಗುತ್ತದೆ. ಕಾಯಿಲೆ ಇರುವ ಸಾಧ್ಯತೆ ಕಡಿಮೆಯಾದರೂ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು. ಹಾಗೆಯೇ ಎಪ್‌ಸ್ಟೀನ್-ಬಾರ್ ಇರುವಾಗ ಅಮಾಕ್ಸಿಸಿಲಿನ್ ಕೊಟ್ಟರೆ ಮೈಯೆಲ್ಲ ಕೆಂಪು ದದ್ದು ಏಳುವುದು ಜಾಸ್ತಿ, ಡಾಕ್ಟರಿಗೆ ನೆನಪಿಸಿ. ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ದೊಡ್ಡದಾಗಿರಬಹುದು, ಆದ್ದರಿಂದ ಕಾಯಿಲೆ ಶುರುವಾದಾಗಿನಿಂದ ಕನಿಷ್ಠ ಮೂರು ವಾರ ಓಟ, ತಳ್ಳಾಟದ ಆಟಗಳು ಬೇಡ. ಆಮೇಲೂ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ ಸರಿ ಅಂದ ಮೇಲೆಯೇ.

ಒಂದು ವಾರ ಕಾಯುವುದರಲ್ಲಿ ಅಪಾಯವಿಲ್ಲವೇ? ಮಗಳು ಹೀಗೇ ಇದ್ದರೆ ಕಡಿಮೆ. ಆದರೆ ಮೂಗು, ವಸಡಿನಿಂದ ರಕ್ತ ಬಂದರೆ, ಚರ್ಮದ ಮೇಲೆ ಒತ್ತಿದರೂ ಮಾಯವಾಗದ ಸಣ್ಣ ಕೆಂಪು ಚುಕ್ಕೆ ಕಂಡರೆ, ಮುಖ ಬಿಳಿಚಿಕೊಂಡರೆ, ರಾತ್ರಿ ಎಬ್ಬಿಸುವಷ್ಟು ಮೂಳೆ ನೋವು ಬಂದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಎಡಗಡೆ ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ವಾರ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಪ್ಲೇಟ್‌ಲೆಟ್ ಕುಸಿದು ರಕ್ತ ಒಸರುವ ಒಂದು ಬಗೆಯ ಲುಕೇಮಿಯಾದಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಮುಂದಿನ ರಿಪೋರ್ಟ್ ಬಂದಾಗ ಮೊದಲು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್ ಹಿಂದಿನಷ್ಟೇ ಇವೆಯಾ ನೋಡಿ. ವೈರಸ್ ಆದರೆ ಅಟಿಪಿಕಲ್ ಲಿಂಫೋಸೈಟ್ ನಿಧಾನಕ್ಕೆ ಇಳಿಯಬೇಕು. ಪೂರ್ತಿ ಹೋಗಲು ಕೆಲವು ವಾರ ಹಿಡಿಯಬಹುದು, ಸುಸ್ತು ಅದಕ್ಕಿಂತ ಜಾಸ್ತಿ ದಿನ ಉಳಿಯಬಹುದು. ಮೂರು ನಾಲ್ಕು ವಾರವಾದರೂ ಗಂಟು ಇಳಿಯದಿದ್ದರೆ, ಅಥವಾ ಆ ಮೂರು ಅಂಕಿಗಳಲ್ಲಿ ಯಾವುದಾದರೂ ಜಾರುತ್ತಿದ್ದರೆ ಹೆಮಟಾಲಜಿಸ್ಟ್, ಅಂದರೆ ರಕ್ತದ ಡಾಕ್ಟರ್, ಹತ್ತಿರ ಹೋಗಿ. ಹೋಗುವಾಗ ರಿಪೋರ್ಟಿನ ಜೊತೆ ಎರಡೂ ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ತೆಗೆದುಕೊಂಡು ಹೋಗಿ.